ಬದು ಒಡೆಯುವ ಮುನ್ನ

ಕಳೆದ ತಿಂಗಳು ಅಕ್ಕನ ಮಗಳು ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಕೂರುವ ಮೊದಲೇ ಹೇಳಿದಳು: ‘ಮಾವ, ಸಿ ಡ್ರೈವ್ ತುಂಬಿಹೋಗಿದೆ. ಅಪ್‌ಡೇಟ್ ಆಗ್ತಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಸೇವ್ ಮಾಡೋಕೂ ಭಯ. ಆದ್ರೆ ಇದರಲ್ಲೇ 85 ಜಿಬಿ ಸುಮ್ಮನೆ ಬಿದ್ದಿದೆ. ಅದನ್ನ ತೆಗೆದು ಇದಕ್ಕೆ ಸೇರಿಸಿಕೊಡಿ.’

ಅವಳು ಹೇಳಿದ್ದು ನಿಜ. ಎರಡನೇ ವರ್ಷದಲ್ಲಿದ್ದಾಗ ಲ್ಯಾಬ್ ಕೆಲಸಕ್ಕೆಂದು ಅದೇ ಯಂತ್ರದಲ್ಲಿ ಉಬುಂಟು ಎಂಬ ಇನ್ನೊಂದು ಕಾರ್ಯವ್ಯವಸ್ಥೆಯನ್ನು ಹಾಕಿಸಿಕೊಂಡಿದ್ದಳು. ವಿಂಡೋಸ್ ಪಕ್ಕದಲ್ಲೇ ಅದಕ್ಕೊಂದು ಪಾಲು ಕೊಟ್ಟಿದ್ದರು. ಲ್ಯಾಬ್ ಮುಗಿಯಿತು. ಪಾಲು ಉಳಿಯಿತು. ಒಂದು ವರ್ಷದಿಂದ ಅದನ್ನು ಯಾರೂ ತೆರೆದಿರಲಿಲ್ಲ.

ಆ ಪಾಲನ್ನು ಅಳಿಸಿ ಜಾಗ ಸೇರಿಸುವುದು ಐದು ನಿಮಿಷದ ಕೆಲಸ. ನಾವು ಕೂತದ್ದು ಒಂದು ಸಂಜೆ ಪೂರ್ತಿ. ಅಳಿಸುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ಅಳಿಸಬೇಕಾದದ್ದು ಇದೇ ಎಂದು ಖಾತ್ರಿ ಮಾಡಿಕೊಳ್ಳಲು ಹೊತ್ತು ಬೇಕು. ಇವತ್ತು ನಿಮಗೆ ಹೇಳಬೇಕೆಂದಿರುವ ಮಾತು ಇದೊಂದೇ.

ಮೊದಲಿಗೆ, ಪಾರ್ಟಿಷನ್ ಎಂದರೇನು?

ಒಂದು ಹೊಲವನ್ನು ನೆನೆಸಿಕೊಳ್ಳಿ. ಎರಡು ಎಕರೆ ಇದೆ. ಅಣ್ಣ ತಮ್ಮಂದಿರು ಬೇರೆಯಾದರು. ನಡುವೆ ಬದು ಬಿತ್ತು. ಮಣ್ಣು ಅದೇ. ಮಳೆಯೂ ಅದೇ. ಆದರೆ ಇವನ ಬೆಳೆ ಇವನಿಗೆ, ಅವನ ಬೆಳೆ ಅವನಿಗೆ. ಎಲ್ಲಿಂದ ಎಲ್ಲಿಯವರೆಗೆ ಯಾರದು ಎಂಬುದನ್ನು ಪಾಲುಪಟ್ಟಿ ಹೇಳುತ್ತದೆ.

ಲ್ಯಾಪ್‌ಟಾಪಿನ ಒಳಗಿರುವ ಡಿಸ್ಕು ಕೂಡ ಹೀಗೆಯೇ. ಡಿಸ್ಕು ಒಂದೇ. ಅದರಲ್ಲಿ ಪಾಲುಗಳು ಹಲವು. ಆ ಪಾಲುಗಳೇ ಪಾರ್ಟಿಷನ್. ಡಿಸ್ಕಿನ ಆರಂಭದಲ್ಲೇ ಒಂದು ಸಣ್ಣ ಪಟ್ಟಿ ಇರುತ್ತದೆ. ಮೊದಲ ಪಾಲು ಇಲ್ಲಿಂದ ಇಲ್ಲಿಗೆ, ಎರಡನೆಯದು ಅಲ್ಲಿಂದ ಅಲ್ಲಿಗೆ ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ನಾವು ಪಾಲುಪಟ್ಟಿ ಎಂದೇ ಕರೆಯೋಣ.

ಈ ಪಟ್ಟಿಗೆ ನಲವತ್ತು ವರ್ಷ ದಾಟಿದೆ. 1983ರಲ್ಲಿ ಐಬಿಎಂ ಕಂಪನಿ ಪಿಸಿ ಎಕ್ಸ್‌ಟಿ ಎಂಬ ಕಂಪ್ಯೂಟರನ್ನು ಹೊರತಂದಿತು. ಅದರ ಹಾರ್ಡ್ ಡಿಸ್ಕು 10 ಎಂಬಿಯದು. ಇಂದಿನ ಫೋನಿನಲ್ಲಿ ತೆಗೆದ ಎರಡು ಮೂರು ಫೋಟೊಗಳಿಗೆ ಆಗುವಷ್ಟು ಜಾಗ. ಅದರ ಪಾಲುಪಟ್ಟಿಯಲ್ಲಿ ನಾಲ್ಕೇ ಸಾಲು. ಮುಂದೆ ಡಿಸ್ಕುಗಳು ದೊಡ್ಡವಾದವು. ಆದರೆ ಆಗಿನ ಡಾಸ್ ತಂತ್ರಾಂಶಕ್ಕೆ 32 ಎಂಬಿಗಿಂತ ದೊಡ್ಡ ಪಾಲನ್ನು ನಿಭಾಯಿಸಲು ಬರುತ್ತಿರಲಿಲ್ಲ. ಹಾಗಾಗಿ ದೊಡ್ಡ ಡಿಸ್ಕನ್ನು ಪಾಲು ಮಾಡಲೇಬೇಕಾಗಿತ್ತು.

ಆಮೇಲೆ ನಮ್ಮ ಊರುಗಳಿಗೂ ಕಂಪ್ಯೂಟರ್ ಬಂತು. ಬಿಡಿಭಾಗ ಜೋಡಿಸಿ ಕೊಡುವ ಅಂಗಡಿಗಳು ಬಂದವು. ಅಂಗಡಿಯವರು ಸಿ, ಡಿ, ಇ ಎಂದು ಪಾಲು ಮಾಡಿಯೇ ಯಂತ್ರವನ್ನು ಕೈಗೆ ಕೊಡುತ್ತಿದ್ದರು. ಎ ಮತ್ತು ಬಿ ಅಕ್ಷರಗಳು ಫ್ಲಾಪಿಗಳಿಗೆ ಮೀಸಲು. ಹಾಗಾಗಿ ಎಣಿಕೆ ಸಿ ಇಂದ ಶುರು. ವಿಂಡೋಸ್ ಕೆಟ್ಟರೆ ಸಿ ಮಾತ್ರ ಅಳಿಸಿ ಮತ್ತೆ ಹಾಕಬಹುದು, ಡಿಯಲ್ಲಿದ್ದ ಫೋಟೊಗಳು ಉಳಿಯುತ್ತವೆ ಎಂಬುದು ಲೆಕ್ಕಾಚಾರ. ಆ ಕಾಲಕ್ಕೆ ಅದು ಒಳ್ಳೆಯ ಲೆಕ್ಕಾಚಾರವೇ.

ಆದರೆ ಒಂದು ಮಾತು ನೆನಪಿಡಿ. ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಮೇಲೆ ಇರುವಂಥವು. ಡಿಸ್ಕು ಸತ್ತರೆ ಎರಡೂ ಒಟ್ಟಿಗೇ ಸಾಯುತ್ತವೆ. ಬದು ಹಾಕಿದ ಮಾತ್ರಕ್ಕೆ ನೆರೆಯ ನೀರು ನಿಲ್ಲುವುದಿಲ್ಲ.

ಈವರೆಗೆ ಹೇಳಿದ್ದು ಇಷ್ಟು. ಡಿಸ್ಕು ಎಂದರೆ ಹೊಲ. ಪಾರ್ಟಿಷನ್ ಎಂದರೆ ಪಾಲು. ಯಾವ ಪಾಲು ಎಲ್ಲಿದೆ ಎಂದು ಹೇಳುವುದು ಪಾಲುಪಟ್ಟಿ. ಈಗ ಅಳತೆಯ ವಿಷಯಕ್ಕೆ ಬರೋಣ.

ಅಕ್ಕನ ಮಗಳ ಲ್ಯಾಪ್‌ಟಾಪಿನ ಡಬ್ಬಿಯ ಮೇಲೆ 256 ಜಿಬಿ ಎಂದು ಬರೆದಿತ್ತು. ವಿಂಡೋಸ್ ತೋರಿಸಿದ್ದು ಸುಮಾರು 238. ‘ಉಳಿದ 18 ಜಿಬಿ ಎಲ್ಲಿ ಹೋಯ್ತು ಮಾವ? ಅದೂ ಎಲ್ಲೋ ಅಡಗಿಕೊಂಡಿರೋ ಪಾರ್ಟಿಷನ್ ಇರಬೇಕು’ ಎಂದಳು. ಎಷ್ಟೋ ಜನರಿಗೆ ಬರುವ ಸಂದೇಹ ಇದು.

ಎಲ್ಲೂ ಹೋಗಿಲ್ಲ. ಇದು ಎರಡು ಅಳತೆಗಳ ನಡುವಣ ವ್ಯತ್ಯಾಸ. ನಮ್ಮ ಹಿರಿಯರ ಕಾಲದಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಇದ್ದವಲ್ಲ, ಹಾಗೆ. ಡಿಸ್ಕು ಮಾಡುವ ಕಂಪನಿ ಸಾವಿರ ಸಾವಿರವಾಗಿ ಎಣಿಸುತ್ತದೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಆದ್ದರಿಂದ 256 ಇದ್ದದ್ದು 238 ಎಂದು ಕಾಣುತ್ತದೆ. 512 ಇದ್ದದ್ದು ಸುಮಾರು 475. ಒಂದು ಟಿಬಿ ಇದ್ದದ್ದು ಸುಮಾರು 930. ಈ ವ್ಯತ್ಯಾಸವನ್ನು ಹುಡುಕಿ ಹೊರಟು ಕಂಡ ಕಂಡ ಪಾಲನ್ನು ಅಳಿಸಬೇಡಿ. ಅಲ್ಲಿ ಸಿಗುವಂಥದ್ದು ಏನೂ ಇಲ್ಲ.

ಅಳತೆಯ ಮಾತು ಮುಗಿಯಿತು. ಡಬ್ಬಿಯ ಲೆಕ್ಕ ಬೇರೆ, ವಿಂಡೋಸ್ ಲೆಕ್ಕ ಬೇರೆ. ಈಗ ಪಾಲುಪಟ್ಟಿಯನ್ನು ಓದೋಣ. ಇದು ಇವತ್ತಿನ ಮಾತಿನಲ್ಲಿ ಬಹಳ ಮುಖ್ಯವಾದ ಭಾಗ.

ವಿಂಡೋಸ್‌ನಲ್ಲಿ ಇದಕ್ಕೊಂದು ಕಿಟಕಿ ಇದೆ. ಹೆಸರು ಡಿಸ್ಕ್ ಮ್ಯಾನೇಜ್‌ಮೆಂಟ್. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗಡೆ ಒತ್ತಿದರೆ ಒಂದು ಪಟ್ಟಿ ಏಳುತ್ತದೆ. ಅದರಲ್ಲಿ ಈ ಹೆಸರು ಸಿಗುತ್ತದೆ. ತೆರೆದಾಗ ಕೆಳಭಾಗದಲ್ಲಿ ಉದ್ದನೆಯ ಒಂದು ಅಡ್ಡಪಟ್ಟಿ ಕಾಣುತ್ತದೆ. ಅದು ನಿಮ್ಮ ಡಿಸ್ಕು. ಆ ಪಟ್ಟಿ ಎಡದಿಂದ ಬಲಕ್ಕೆ ಚೌಕಗಳಾಗಿ ಒಡೆದಿರುತ್ತದೆ. ಪ್ರತಿ ಚೌಕವೂ ಒಂದು ಪಾಲು. ಪೆನ್‌ಡ್ರೈವ್ ಚುಚ್ಚಿದ್ದರೆ ಅದರದ್ದೇ ಇನ್ನೊಂದು ಪಟ್ಟಿ ಇರುತ್ತದೆ. ಆದ್ದರಿಂದ ಬೇಡದ ಪೆನ್‌ಡ್ರೈವ್‌ಗಳನ್ನು ಮೊದಲೇ ತೆಗೆದಿಡಿ. ಕಣ್ಣು ತಪ್ಪುವುದಿಲ್ಲ.

ಅವಳ ಯಂತ್ರದಲ್ಲಿ ಕಂಡದ್ದನ್ನು ಎಡದಿಂದ ಓದುತ್ತೇನೆ. ಕೇಳಿ.

ಮೊದಲ ಚೌಕ ತೀರಾ ಚಿಕ್ಕದು. ಸುಮಾರು 100 ಎಂಬಿ. ಅದರ ಮೇಲೆ ಇಎಫ್ಐ ಸಿಸ್ಟಮ್ ಪಾರ್ಟಿಷನ್ ಎಂದು ಬರೆದಿತ್ತು. ಎರಡನೆಯದು ಸಿ, ಸುಮಾರು 150 ಜಿಬಿ. ಅದರಲ್ಲಿ ಉಳಿದಿದ್ದ ಖಾಲಿ ಜಾಗ 6 ಜಿಬಿ ಮಾತ್ರ. ಮೂರನೆಯದು ಸುಮಾರು 85 ಜಿಬಿ. ಅದಕ್ಕೆ ಡ್ರೈವ್ ಅಕ್ಷರವೇ ಇಲ್ಲ. ವಿಂಡೋಸ್‌ಗೆ ಉಬುಂಟುವಿನ ಬರಹ ಓದಲು ಬರುವುದಿಲ್ಲ. ಅದಕ್ಕೇ ಅಲ್ಲಿ ಹೆಸರಿಲ್ಲ. ಕೊನೆಯದು ಮತ್ತೆ ಚಿಕ್ಕದು. ಒಂದು ಜಿಬಿಗಿಂತ ಕಡಿಮೆ. ಅದರ ಮೇಲೆ ರಿಕವರಿ ಪಾರ್ಟಿಷನ್ ಎಂದಿತ್ತು.

‘ಈ ಎರಡು ಚಿಕ್ಕವನ್ನೂ ತೆಗೆದುಬಿಡೋಣವಾ?’ ಎಂದು ಕೇಳಿದಳು. ‘ಬೇಡ ಕಣಮ್ಮಾ’ ಎಂದೆ.

ಇಎಫ್ಐ ಪಾಲು ಹೊಲಕ್ಕೆ ಹೋಗುವ ಬಂಡಿದಾರಿ. ಅಲ್ಲಿ ಬೆಳೆ ಇಲ್ಲ. ಆದರೆ ಆ ದಾರಿ ಇಲ್ಲದೆ ಹೊಲಕ್ಕೆ ಕಾಲಿಡುವಂತಿಲ್ಲ. ಲ್ಯಾಪ್‌ಟಾಪ್ ಚಾಲೂ ಆದಾಗ ಮೊದಲು ನೋಡುವುದೇ ಅಲ್ಲಿ. ವಿಂಡೋಸ್ ಎಲ್ಲಿದೆ, ಉಬುಂಟು ಎಲ್ಲಿದೆ ಎಂಬ ದಾರಿ ಅಲ್ಲಿಂದಲೇ ಸಿಗಬೇಕು. ಇನ್ನು ರಿಕವರಿ ಪಾಲು ಬಿತ್ತನೆಗೆಂದು ಎತ್ತಿಟ್ಟ ಬೀಜ. ನಾಳೆ ವಿಂಡೋಸ್ ಕೆಟ್ಟರೆ ಸರಿಪಡಿಸುವ ಸಲಕರಣೆ ಅದರಲ್ಲಿದೆ. ಹಸಿವಾಯಿತೆಂದು ಬಿತ್ತನೆ ಬೀಜವನ್ನು ಯಾವ ರೈತನೂ ಉಣ್ಣುವುದಿಲ್ಲ. ಎರಡನ್ನೂ ಅಳಿಸಿದರೆ ಸಿಗುವುದು ಒಂದು ಜಿಬಿ. ಕಳೆದುಕೊಳ್ಳುವುದು ಇಡೀ ಯಂತ್ರದ ನೆಮ್ಮದಿ.

ಹಾಗಾದರೆ ಬೇಡದ ಪಾಲು ಯಾವುದು? ಆ 85 ಜಿಬಿಯದೇ. ಆದರೆ ಅಂದಾಜಿನ ಮೇಲೆ ತೀರ್ಮಾನ ಮಾಡಬಾರದು. ಉಬುಂಟು ಹಾಕಿಸಿದಾಗ ಎಷ್ಟು ಜಾಗ ಕೊಟ್ಟಿದ್ದರು ಎಂದು ಕೇಳಿದೆ. ಅವಳು ಆಗ ಬರೆದಿಟ್ಟ ಲ್ಯಾಬ್ ಪುಸ್ತಕ ತೆಗೆದಳು. ಸಂಖ್ಯೆ ತಾಳೆಯಾಯಿತು. ಒಂದು ಕಾಗದದ ಮೇಲೆ ನಾಲ್ಕು ಚೌಕ ಬರೆಸಿದೆ. ಪ್ರತಿಯೊಂದರ ಕೆಳಗೆ ಅಳತೆ ಬರೆಸಿದೆ. ಮೂರನೆಯದಕ್ಕೆ ಮಾತ್ರ ಕೆಂಪು ಶಾಯಿಯಲ್ಲಿ ಗುರುತು ಹಾಕಿಸಿದೆ. ನೀವೂ ಹೀಗೆ ಮಾಡಿ. ಪರದೆಯ ಮೇಲೆ ಕಣ್ಣು ಜಾರುತ್ತದೆ. ಕಾಗದದ ಮೇಲೆ ಜಾರುವುದಿಲ್ಲ.

ಇಲ್ಲಿಯವರೆಗಿನದನ್ನು ಒಮ್ಮೆ ಮೆಲುಕು ಹಾಕೋಣ. ಚಿಕ್ಕ ಪಾಲುಗಳನ್ನು ಮುಟ್ಟಬಾರದು. ಬೇಡದ ಪಾಲನ್ನು ಅಳತೆಯಿಂದ, ದಾಖಲೆಯಿಂದ ಗುರುತಿಸಬೇಕು. ಕಾಗದದ ಮೇಲೆ ಬರೆದುಕೊಳ್ಳಬೇಕು. ಈಗ ಅಳಿಸುವ ಮುನ್ನ ಮಾಡಬೇಕಾದ ಮೂರು ಕೆಲಸ ಹೇಳುತ್ತೇನೆ.

ಒಂದನೆಯದು, ಆ ಪಾಲಿನೊಳಗೆ ಕೊನೆಯದಾಗಿ ಒಮ್ಮೆ ಹೋಗಿಬನ್ನಿ. ಬೇಡ ಎಂದು ಬಿಟ್ಟ ಹೊಲದಲ್ಲೂ ಒಂದು ಹಲಸಿನ ಮರ ಇರಬಹುದು. ನಾವು ಲ್ಯಾಪ್‌ಟಾಪ್ ಮತ್ತೆ ಚಾಲೂ ಮಾಡಿ ಉಬುಂಟು ಆರಿಸಿಕೊಂಡೆವು. ‘ಅದರಲ್ಲಿ ಏನೂ ಇಲ್ಲ ಮಾವ’ ಎಂದು ಅವಳು ಎರಡು ಸಲ ಹೇಳಿದ್ದಳು. ಹೋಮ್ ಫೋಲ್ಡರ್ ತೆರೆದಾಗ ಅವಳ ಎರಡನೇ ವರ್ಷದ ಮಿನಿ ಪ್ರಾಜೆಕ್ಟು ಅಲ್ಲೇ ಇತ್ತು. ಬೇರೆ ಎಲ್ಲೂ ಅದರ ಪ್ರತಿ ಇರಲಿಲ್ಲ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆವು. ವಿಂಡೋಸ್ ಕಡೆಯ ಮುಖ್ಯ ಕಡತಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿದೆವು. ಆ ಸಂಜೆಯ ಹೊತ್ತು ಹೆಚ್ಚಾಗಿ ಹೋದದ್ದು ಇದಕ್ಕೇ.

ಎರಡನೆಯದು, ಬೀಗದ ಕೈ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ತನ್ನ ಪಾಲಿಗೆ ಬೀಗ ಹಾಕಿಕೊಂಡಿರುತ್ತದೆ. ಬಿಟ್‌ಲಾಕರ್ ಎಂದು ಅದರ ಹೆಸರು. ಯಂತ್ರ ಶುರುವಾಗುವ ಕ್ರಮವನ್ನು ಬದಲಿಸಿದರೆ ಅದಕ್ಕೆ ಅನುಮಾನ ಬರಬಹುದು. ಆಗ ಅದು 48 ಅಂಕಿಗಳ ಒಂದು ಕೀಲಿ ಕೇಳುತ್ತದೆ. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕೆಲಸ ಶುರು ಮಾಡುವ ಮೊದಲೇ ಅದನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಬಾಗಿಲು ಹಾಕಿಕೊಂಡ ಮೇಲೆ ಬೀಗದ ಕೈ ಹುಡುಕುವಂತಾಗಬಾರದು.

ಮೂರನೆಯದು, ಬಾಗಿಲ ಕಾವಲು. ಉಬುಂಟು ಇರುವ ಯಂತ್ರದಲ್ಲಿ ಗ್ರಬ್ ಎಂಬ ಒಂದು ಸಣ್ಣ ತಂತ್ರಾಂಶ ಬಾಗಿಲಲ್ಲಿ ನಿಂತಿರುತ್ತದೆ. ವಿಂಡೋಸ್ ಬೇಕೋ ಉಬುಂಟು ಬೇಕೋ ಎಂದು ಕೇಳುವುದು ಅದೇ. ಅದು ಕೆಲಸ ಮಾಡಲು ಬೇಕಾದ ಕಡತಗಳು ಉಬುಂಟುವಿನ ಪಾಲಿನಲ್ಲಿ ಇರುತ್ತವೆ. ಆ ಪಾಲನ್ನು ಅಳಿಸಿದರೆ ಗ್ರಬ್ ಬಾಗಿಲಲ್ಲೇ ನಿಂತುಬಿಡುತ್ತದೆ. ಕಪ್ಪು ಪರದೆ, ಮೇಲೊಂದು ಸಾಲು ಬರಹ, ಅಷ್ಟೇ. ವಿಂಡೋಸ್ ಒಳಗೆ ಸುಖವಾಗಿಯೇ ಇರುತ್ತದೆ. ಆದರೆ ನಮಗೆ ಅದರ ಹತ್ತಿರ ಹೋಗಲಾಗುವುದಿಲ್ಲ.

ಇದಕ್ಕೆ ಪರಿಹಾರ ಸುಲಭ. ಲ್ಯಾಪ್‌ಟಾಪ್ ಚಾಲೂ ಆಗುವಾಗಲೇ ಎಫ್ 2 ಅಥವಾ ಎಫ್ 12, ಕೆಲವದರಲ್ಲಿ ಎಸ್ಕೇಪ್ ಕೀಲಿಯನ್ನು ಒತ್ತಿ ಒಳಗೆ ಹೋಗಿ. ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಎಂಬುದನ್ನು ಮೊದಲಿಗೆ ತನ್ನಿ. ಆಮೇಲೆ ಎರಡು ಸಲ ಆರಿಸಿ ಹಚ್ಚಿ ನೋಡಿ. ನೇರ ವಿಂಡೋಸ್ ಬಂದರೆ ಮುಂದಿನ ಹೆಜ್ಜೆ ಇಡಬಹುದು.

ಮೂರನ್ನೂ ಇನ್ನೊಮ್ಮೆ ಹೇಳುತ್ತೇನೆ. ಒಳಗಿರುವುದನ್ನು ನಕಲು ಮಾಡಿ. ಬೀಗದ ಕೀಲಿ ಬರೆದಿಡಿ. ವಿಂಡೋಸ್ ಮೊದಲು ಬರುವಂತೆ ಮಾಡಿ. ಇಷ್ಟಾದ ಮೇಲೆ ಅಳಿಸುವ ಕೆಲಸ.

ಚಾರ್ಜರ್ ಸಿಕ್ಕಿಸಿರಲಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಂಪು ಗುರುತಿನ ಕಾಗದ ಎದುರಿಗಿರಲಿ. ಆ ಚೌಕದ ಮೇಲೆ ಮೌಸಿನ ಬಲಗಡೆ ಒತ್ತಿ. ಡಿಲೀಟ್ ವಾಲ್ಯೂಮ್ ಎಂಬುದನ್ನು ಆರಿಸಿ. ವಿಂಡೋಸ್ ಒಂದು ಎಚ್ಚರಿಕೆ ಕೊಡುತ್ತದೆ. ಇದನ್ನು ನಾನು ಮಾಡಿದ್ದಲ್ಲ, ಬೇರೆ ವ್ಯವಸ್ಥೆಯ ಮಾಹಿತಿ ಇದರಲ್ಲಿ ಇರಬಹುದು, ಅಳಿಸಲೇ ಎಂಬ ಅರ್ಥದ ಮಾತು. ಅಲ್ಲಿ ಒಂದು ಗಳಿಗೆ ನಿಲ್ಲಿ. ಅಳತೆಯನ್ನು ಕೊನೆಯ ಸಲ ತಾಳೆ ನೋಡಿ. ಅವಳಿಗೂ ಹಾಗೇ ಹೇಳಿದೆ. ಅವಳು ಕಾಗದ ನೋಡಿದಳು. ಪರದೆ ನೋಡಿದಳು. ‘85 ಮಾವ. ಇದೇ’ ಎಂದಳು. ಆಮೇಲೆ ಒತ್ತಿದಳು.

ಕಣ್ಣು ಮಿಟುಕಿಸುವಷ್ಟರಲ್ಲಿ ಆ ಚೌಕದ ತಲೆಯ ಮೇಲಿನ ನೀಲಿ ಗೆರೆ ಕಪ್ಪಾಯಿತು. ಅನ್‌ಅಲೊಕೇಟೆಡ್ ಎಂಬ ಹೆಸರು ಬಂತು. ಯಾರ ಪಾಲಿಗೂ ಸೇರದ ಜಾಗ ಎಂದು ಅರ್ಥ.

ಈಗ ಸೇರಿಸುವ ಕೆಲಸ. ಸಿ ಚೌಕದ ಮೇಲೆ ಬಲಗಡೆ ಒತ್ತಿ ಎಕ್ಸ್‌ಟೆಂಡ್ ವಾಲ್ಯೂಮ್ ಆರಿಸಬೇಕು. ಅದು ಕೇಳಿದ್ದಕ್ಕೆಲ್ಲ ನೆಕ್ಸ್ಟ್ ಎಂದು ಮುಂದೆ ಹೋದರೆ ಸಾಕು. ಅವಳ ಸಿ ಡ್ರೈವ್ 150ರಿಂದ 235 ಜಿಬಿಗೆ ಏರಿತು. ಅದರೊಳಗಿನ ಒಂದು ಕಡತವೂ ಅಲುಗಲಿಲ್ಲ.

ಎಲ್ಲರ ಯಂತ್ರದಲ್ಲೂ ಇಷ್ಟು ಸಲೀಸಾಗಿ ಆಗುವುದಿಲ್ಲ. ಕೆಲವರಿಗೆ ಎಕ್ಸ್‌ಟೆಂಡ್ ಎಂಬ ಸಾಲು ಮಸುಕಾಗಿ ಕಾಣುತ್ತದೆ. ಒತ್ತಿದರೆ ಒತ್ತಿಸಿಕೊಳ್ಳುವುದಿಲ್ಲ. ಕಾರಣ ಇದು. ಖಾಲಿ ಜಾಗ ಸಿ ಚೌಕದ ಬಲಕ್ಕೆ, ಅದಕ್ಕೆ ಅಂಟಿಕೊಂಡೇ ಇರಬೇಕು. ನಡುವೆ ಇನ್ನೊಬ್ಬರ ಹೊಲ ಇದ್ದರೆ ಎರಡು ಹೊಲಗಳ ಬದು ಒಡೆದು ಒಂದು ಮಾಡಲು ಆಗುತ್ತದೆಯೇ? ಇಲ್ಲ. ಬಹಳ ಸಲ ಆ ನಡುವಿನ ಹೊಲ ರಿಕವರಿ ಪಾಲು ಆಗಿರುತ್ತದೆ.

ಹಾಗಿದ್ದರೆ ಅದನ್ನು ಅಳಿಸಲು ಹೋಗಬೇಡಿ. ಖಾಲಿ ಜಾಗದ ಮೇಲೆ ಬಲಗಡೆ ಒತ್ತಿ ನ್ಯೂ ಸಿಂಪಲ್ ವಾಲ್ಯೂಮ್ ಆರಿಸಿ. ಅದು ಡಿ ಡ್ರೈವ್ ಆಗುತ್ತದೆ. ನಿಮ್ಮ ಫೋಟೊ, ವಿಡಿಯೊಗಳನ್ನು ಅಲ್ಲಿಗೆ ಸಾಗಿಸಿ. ಸಿ ತಾನಾಗಿಯೇ ಹಗುರಾಗುತ್ತದೆ. ಪಾಲುಗಳನ್ನೇ ಎತ್ತಿ ಪಕ್ಕಕ್ಕೆ ಸರಿಸುವ ತಂತ್ರಾಂಶಗಳೂ ಇವೆ. ಜಿಪಾರ್ಟೆಡ್ ಎಂಬುದು ಅಂಥದ್ದು. ಉಚಿತವಾಗಿ ಸಿಗುತ್ತದೆ. ಆದರೆ ಸರಿಸುವಾಗ ನಡುವೆ ಕರೆಂಟು ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಇದ್ದದ್ದೂ ಹೋಗುತ್ತದೆ. ಆ ಕೆಲಸವನ್ನು ತಿಳಿದವರ ಜೊತೆ ಕೂತು ಮಾಡಿ.

ಸಾರಾಂಶ ಹೇಳಿಬಿಡುತ್ತೇನೆ. ಡಿಲೀಟ್ ಮಾಡಿದ ಪಾಲು ಖಾಲಿ ಜಾಗವಾಗುತ್ತದೆ. ಸಿಗೆ ಅಂಟಿಕೊಂಡಿದ್ದರೆ ಅದರೊಂದಿಗೆ ಸೇರುತ್ತದೆ. ಅಂಟಿಕೊಂಡಿಲ್ಲದಿದ್ದರೆ ಬೇರೆ ಡ್ರೈವ್ ಆಗಿ ಉಪಯೋಗಕ್ಕೆ ಬರುತ್ತದೆ. ಇನ್ನು ಕೊನೆಯ ಮಾತು. ತಪ್ಪಾಗಿ ಬೇರೆ ಪಾಲನ್ನೇ ಅಳಿಸಿಬಿಟ್ಟರೆ?

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಸೋದರತ್ತೆ ಬೀಸುವ ಪದ ಹಾಡುತ್ತಿದ್ದರು. ರಾಗಿ ಬೀಸುತ್ತಾ ಕಲಿತ ಹಾಡುಗಳು. ಒಂದು ಬೇಸಗೆಯಲ್ಲಿ ಅವರನ್ನು ಕೂರಿಸಿಕೊಂಡು 14 ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಮನೆಯ ಕಂಪ್ಯೂಟರಿನ ಇ ಡ್ರೈವ್‌ನಲ್ಲಿ ಇಟ್ಟಿದ್ದೆ. ಮುಂದಿನ ವರ್ಷ ಅತ್ತೆ ತೀರಿಕೊಂಡರು. ಆಮೇಲೆ ಒಂದು ದಿನ ಜಾಗ ಸಾಲದೆ ಒಂದು ಪಾಲು ಅಳಿಸಲು ಹೊರಟೆ. ಅವಸರದಲ್ಲಿದ್ದೆ. ಡಿ ಎಂದುಕೊಂಡು ಅಳಿಸಿದ್ದು ಇ. ತಿಳಿಯಲಿಲ್ಲ. ಅಲ್ಲೇ ಹೊಸ ಪಾಲು ಮಾಡಿ ಬೇರೆ ಕಡತಗಳನ್ನು ತುಂಬಿದೆ. ಎರಡು ದಿನ ಬಿಟ್ಟು ಹಾಡು ಹುಡುಕಿದಾಗ ಎದೆ ಧಸಕ್ಕೆಂದಿತು.

ಪಾಲನ್ನು ಅಳಿಸಿದಾಗ ನಿಜವಾಗಿ ಅಳಿಯುವುದು ಏನು? ಪಾಲುಪಟ್ಟಿಯಲ್ಲಿ ಒಂದು ಸಾಲು. ಬೆಳೆ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ಯಾರಾದರೂ ಹೊಸದಾಗಿ ಉತ್ತು ಬಿತ್ತಿದಾಗ ಮಾತ್ರ ಅದು ನಾಶವಾಗುತ್ತದೆ. ನಾನು ಎರಡು ದಿನ ಉತ್ತಿದ್ದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಹಾಕಿ ರಾತ್ರಿಯಿಡೀ ಹುಡುಕಿಸಿದೆ. 9 ಹಾಡು ಸಿಕ್ಕವು. ಅವುಗಳಿಗೆ ಹೆಸರೂ ಉಳಿದಿರಲಿಲ್ಲ. ಬರೀ ಸಂಖ್ಯೆಗಳು. ಒಂದೊಂದನ್ನೇ ಕೇಳಿ, ಇದು ಯಾವ ಪದ ಎಂದು ಗುರುತಿಸಿ, ಮತ್ತೆ ಹೆಸರಿಟ್ಟೆ. ಉಳಿದ ಐದು ಹಾಡುಗಳನ್ನು ಮತ್ತೆ ಹಾಡಿಸಲು ಈಗ ಅತ್ತೆ ಇಲ್ಲ.

ಆದ್ದರಿಂದ ತಪ್ಪಾಯಿತು ಎಂದು ತಿಳಿದ ಕ್ಷಣವೇ ಕೈ ನಿಲ್ಲಿಸಿ. ಹೊಸ ಪಾಲು ಮಾಡಬೇಡಿ. ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಒಂದು ಕಡತವನ್ನೂ ಅದರ ಮೇಲೆ ಬರೆಯಬೇಡಿ. ಯಂತ್ರ ಆರಿಸಿ ತಿಳಿದವರ ಬಳಿಗೆ ಒಯ್ಯಿರಿ. ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶ ಎಷ್ಟೋ ಸಲ ಪಟ್ಟಿಯ ಸಾಲನ್ನೇ ಮತ್ತೆ ಬರೆದು ಪಾಲನ್ನು ಹಾಗೆಯೇ ಮರಳಿಸುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಈ ಅವಕಾಶ ಹೆಚ್ಚು. ಈಗಿನ ಎಸ್‌ಎಸ್‌ಡಿ ಎಂಬ ಬಗೆಯ ಡಿಸ್ಕಿನಲ್ಲಿ ಕಡಿಮೆ. ಖಾಲಿ ಎಂದು ವಿಂಡೋಸ್ ತಿಳಿಸಿದ ಜಾಗವನ್ನು ಎಸ್‌ಎಸ್‌ಡಿ ಒಳಗೊಳಗೇ ಒರೆಸಿ ಹಸನು ಮಾಡಿಕೊಳ್ಳುತ್ತದೆ. ಒರೆಸಿದ ಮೇಲೆ ಯಾವ ತಂತ್ರಾಂಶವೂ ಅದನ್ನು ತರಲಾರದು.

ಕೇಳುಗರೇ, ಲ್ಯಾಪ್‌ಟಾಪಿನಲ್ಲಿ ಬೇಡದ ಪಾಲು ಇದ್ದರೆ ಖಂಡಿತ ತೆಗೆಯಿರಿ. ದುಡ್ಡು ಕೊಟ್ಟು ಕೊಂಡ ಜಾಗ ಅದು. ಬೀಳು ಬಿಡಬಾರದು. ಅದಕ್ಕಾಗಿ ಹೊಸ ಡಿಸ್ಕು ಕೊಳ್ಳಬೇಕಾಗಿಲ್ಲ, ಹೊಸ ಲ್ಯಾಪ್‌ಟಾಪಂತೂ ಬೇಕಾಗಿಲ್ಲ. ಆದರೆ ಬದು ಒಡೆಯುವ ಮುನ್ನ ಪಾಲುಪಟ್ಟಿ ಓದಿ. ಕಾಗದದ ಮೇಲೆ ಚೌಕ ಬರೆದು ಅಳತೆ ಹಾಕಿ. ಒಳಗೆ ಏನಿದೆ ಎಂದು ನೋಡಿ ಬನ್ನಿ. ಮನೆಯ ಹಿರಿಯರ ದನಿ, ಮಕ್ಕಳ ಫೋಟೊ, ಓದಿನ ಕೆಲಸ, ಇವುಗಳ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಡಿ. ಈ ಭಾನುವಾರವೇ ಇಡಿ.